ಬೆಳೆಯುವ ಮಕ್ಕಳ ಬೆನ್ನು ಬಾಗಿದಾಗ

ಶಾಲೆಯ ಸುವರ್ಣ ಮಹೋತ್ಸವದ ಉಪನ್ಯಾಸ ಮಾಲೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ



ಇದು ಕಾಫಿ ಕೊಯ್ಲಿನ ಸಮಯ. ತೋಟದ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಅದಕ್ಕೆ ಮೊದಲು ಕೃತಜ್ಞತೆ ಹೇಳುತ್ತೇನೆ. ನಾನು ಇದೇ ಶಾಲೆಯಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ಓದಿದವನು. ಈಗ ಮೂಳೆ ವೈದ್ಯ. ಅದರಲ್ಲೂ ಮಕ್ಕಳ ಬೆನ್ನುಮೂಳೆಯ ಚಿಕಿತ್ಸೆಯೇ ನನ್ನ ದಿನನಿತ್ಯದ ಕೆಲಸ. ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಶಾಲೆಯ ಹಳೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಬಹಳ ಮಂದಿ ಇದ್ದಾರೆ. ಹಾಗಾಗಿ ನನಗೆ ಗೊತ್ತಿರುವ ಒಂದು ಕಾಯಿಲೆಯ ಬಗ್ಗೆಯೇ ಮಾತಾಡುತ್ತೇನೆ. ಅದಕ್ಕೆ ಕಾರಣವೂ ಇದೆ. ಈ ಕಾಯಿಲೆಯನ್ನು ಮೊದಲು ಕಾಣುವವರು ವೈದ್ಯರಲ್ಲ. ಮಗುವಿಗೆ ಸ್ನಾನ ಮಾಡಿಸುವ ತಾಯಿ ಅಥವಾ ಅಜ್ಜಿ, ಅಂಗನವಾಡಿ ಕಾರ್ಯಕರ್ತೆ, ಡ್ರಿಲ್ ಮಾಡಿಸುವ ಪಿ.ಟಿ. ಮೇಷ್ಟ್ರು, ಯೂನಿಫಾರಂ ಹೊಲಿಯುವ ದರ್ಜಿ, ಇವರು ಮೊದಲು ಕಾಣುತ್ತಾರೆ. ಅಂಥವರೆಲ್ಲ ಈ ಸಭೆಯಲ್ಲಿ ಇದ್ದೀರಿ.

ಕಾಯಿಲೆಯ ಹೆಸರು ಸ್ಕೋಲಿಯೋಸಿಸ್. ಕನ್ನಡದಲ್ಲಿ ಸರಳವಾಗಿ ಹೇಳುವುದಾದರೆ, ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು. ಹಿಂದಿನಿಂದ ನೋಡಿದರೆ ನಮ್ಮ ಬೆನ್ನುಮೂಳೆ ಕುತ್ತಿಗೆಯಿಂದ ಸೊಂಟದವರೆಗೆ ನೇರ ಗೆರೆಯಂತೆ ಇರಬೇಕು. ಕೆಲವರಲ್ಲಿ ಅದು ಇಂಗ್ಲಿಷಿನ ಸಿ ಅಥವಾ ಎಸ್ ಅಕ್ಷರದಂತೆ ವಾಲುತ್ತದೆ. ಎಕ್ಸ್‌ರೇ ತೆಗೆದು ಅಳೆದಾಗ ಆ ಬಾಗು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸ್ಕೋಲಿಯೋಸಿಸ್ ಎನ್ನುತ್ತೇವೆ. ಬರೀ ಬಾಗುವುದಷ್ಟೇ ಆಗಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಒದ್ದೆ ಬಟ್ಟೆ ಹಿಂಡುವಾಗ ತಿರುಚುತ್ತೇವಲ್ಲ, ಹಾಗೆ ಬೆನ್ನುಮೂಳೆ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ಅದಕ್ಕೆ ಅಂಟಿಕೊಂಡಿರುವ ಪಕ್ಕೆಲುಬುಗಳೂ ಜೊತೆಗೇ ತಿರುಗುತ್ತವೆ. ಹಾಗಾಗಿ ಬೆನ್ನಿನ ಒಂದು ಪಕ್ಕ ಉಬ್ಬುತ್ತದೆ, ಇನ್ನೊಂದು ಪಕ್ಕ ತಗ್ಗುತ್ತದೆ. ಊರಿನಲ್ಲಿ ಇದನ್ನು ಗೂನು ಎಂದು ಕರೆದು ಸುಮ್ಮನಾಗುತ್ತಾರೆ.

ಇಂಥ ಬಾಗು ಹೆಚ್ಚಾಗಿ ಕಾಣುವುದು ಹೈಸ್ಕೂಲು ವಯಸ್ಸಿನಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ಅದು ಬೇರೆ ಮಾತು. ಇವತ್ತು ನಾನು ಹೇಳುವುದು 10 ವರ್ಷ ತುಂಬುವ ಮೊದಲೇ, ಕೆಲವೊಮ್ಮೆ ಎದೆಹಾಲು ಕುಡಿಯುವಾಗಲೇ ಬಾಗುವ ಬೆನ್ನಿನ ಬಗ್ಗೆ. ಇದು ಅಪರೂಪ. ಆದರೆ ಬಂದ ಮನೆಗೆ ಅದು ಹಗುರವಾದದ್ದಲ್ಲ.

10 ವರ್ಷದ ಗಡಿ ಯಾಕೆ ಎಂದು ನೀವು ಕೇಳಬಹುದು. ಉತ್ತರ ಬೆನ್ನಿನಲ್ಲಿಲ್ಲ, ಎದೆಯಲ್ಲಿದೆ. ಬೆನ್ನುಮೂಳೆಯ ಎದೆಯ ಭಾಗದಲ್ಲಿ 12 ಕಶೇರುಗಳಿವೆ. ಹುಟ್ಟಿದ ಮಗುವಿನಲ್ಲಿ ಆ ಭಾಗದ ಎತ್ತರ ಸುಮಾರು 11 ಸೆಂಟಿಮೀಟರ್. 5 ವರ್ಷಕ್ಕೆ ಅದು ಸುಮಾರು 18 ಸೆಂಟಿಮೀಟರ್ ಆಗುತ್ತದೆ. ಪೂರ್ತಿ ಬೆಳೆದ ಹೆಂಗಸಿನಲ್ಲಿ ಸುಮಾರು 26, ಗಂಡಸಿನಲ್ಲಿ ಸುಮಾರು 28. ಎದೆಗೂಡಿನ ಒಳಗಿನ ಜಾಗ 5 ವರ್ಷಕ್ಕೆ ದೊಡ್ಡವರ ಶೇಕಡಾ 30ರಷ್ಟು ಇರುತ್ತದೆ, 10 ವರ್ಷಕ್ಕೆ ಅರ್ಧದಷ್ಟು ಆಗುತ್ತದೆ. ಇದೇ ವರ್ಷಗಳಲ್ಲಿ ಶ್ವಾಸಕೋಶದೊಳಗಿನ ಗಾಳಿಯ ಪುಟ್ಟ ಕೋಶಗಳು ಕೋಟಿಗಟ್ಟಲೆ ಹುಟ್ಟಿಕೊಳ್ಳುತ್ತವೆ. ಸುಮಾರು 8 ವರ್ಷದ ಹೊತ್ತಿಗೆ ಆ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ಬೆನ್ನು ಕುಗ್ಗಿ, ಪಕ್ಕೆಲುಬು ಒಳಗೆ ಒತ್ತಿ, ಎದೆಗೂಡು ಇಕ್ಕಟ್ಟಾದರೆ ಶ್ವಾಸಕೋಶಕ್ಕೆ ಬೆಳೆಯಲು ಜಾಗ ಎಲ್ಲಿ? ಆಮೇಲೆ ಬೆನ್ನನ್ನು ನೆಟ್ಟಗೆ ಮಾಡಬಹುದು, ಬೆಳೆಯದೆ ಉಳಿದ ಶ್ವಾಸಕೋಶವನ್ನು ತಂದುಕೊಡಲು ಆಗುವುದಿಲ್ಲ.

ಸ್ವೀಡನ್ ದೇಶದ ವೈದ್ಯರು ಚಿಕಿತ್ಸೆ ಪಡೆಯದ ಸ್ಕೋಲಿಯೋಸಿಸ್ ರೋಗಿಗಳನ್ನು ಬಹಳ ವರ್ಷ ಗಮನಿಸಿ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹದಿಹರೆಯದಲ್ಲಿ ಬೆನ್ನು ಬಾಗಿದವರ ಆಯುಷ್ಯ ಉಳಿದವರಂತೆಯೇ ಇತ್ತು. ಎಳೆತನದಲ್ಲೇ ಬಾಗಿದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಬಾಗು ಒಂದೇ ರೀತಿ ಕಂಡರೂ ಅದು ಯಾವ ವಯಸ್ಸಿನಲ್ಲಿ ಶುರುವಾಯಿತು ಎಂಬುದು ಅಷ್ಟು ಮುಖ್ಯ. ಹಾಗಾಗಿ ಇದು ಅಂದಚೆಂದದ ಪ್ರಶ್ನೆಯಲ್ಲ, ಉಸಿರಿನ ಪ್ರಶ್ನೆ.

ಇನ್ನು ಕಾರಣಕ್ಕೆ ಬರುತ್ತೇನೆ. ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಯಾವುದೋ ಒಂದು ಕಶೇರು ಅರ್ಧ ಮಾತ್ರ ಬೆಳೆದಿರುತ್ತದೆ, ಇಲ್ಲವೇ ಎರಡು ಕಶೇರುಗಳು ಒಂದು ಬದಿಯಲ್ಲಿ ಕೂಡಿಕೊಂಡಿರುತ್ತವೆ. ಇದು ಬಸುರಿನ ಮೊದಲ ಆರೆಂಟು ವಾರಗಳಲ್ಲಿ, ಎಷ್ಟೋ ಸಲ ತಾಯಿಗೆ ತಾನು ಬಸುರಿ ಎಂದು ಗೊತ್ತಾಗುವ ಹೊತ್ತಿಗೇ, ಆಗಿಹೋಗಿರುತ್ತದೆ. ಅದೇ ವಾರಗಳಲ್ಲಿ ಹೃದಯ, ಮೂತ್ರಪಿಂಡಗಳೂ ರೂಪುಗೊಳ್ಳುವುದರಿಂದ ಇಂಥ ಮಕ್ಕಳಿಗೆ ಹೃದಯ, ಕಿಡ್ನಿ ಮತ್ತು ಬೆನ್ನುಹುರಿಯ ಪರೀಕ್ಷೆಯನ್ನೂ ಮಾಡಿಸಬೇಕು. ಇನ್ನು ಕೆಲವರಲ್ಲಿ ಸ್ನಾಯು ಅಥವಾ ನರದ ಕಾಯಿಲೆಯಿಂದ ಬೆನ್ನು ವಾಲುತ್ತದೆ. ಮತ್ತೆ ಕೆಲವರಲ್ಲಿ ಇಡೀ ದೇಹದ ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿ ತೊಂದರೆ ಇರುತ್ತದೆ. ಎಷ್ಟು ಹುಡುಕಿದರೂ ಕಾರಣ ಸಿಗದವರೂ ಇದ್ದಾರೆ.

ಕಾರಣ ಅಲ್ಲದ್ದು ಯಾವುದು ಎಂದು ಹೇಳುವುದು ಇನ್ನೂ ಮುಖ್ಯ. ಬಸುರಿ ಗ್ರಹಣ ನೋಡಿದ್ದರಿಂದ ಇದು ಬರುವುದಿಲ್ಲ. ತಾಯಿ ತೋಟದಲ್ಲಿ ಬಗ್ಗಿ ಕೆಲಸ ಮಾಡಿದ್ದರಿಂದ ಬರುವುದಿಲ್ಲ. ಮಗುವನ್ನು ಒಂದೇ ಸೊಂಟದಲ್ಲಿ ಎತ್ತಿಕೊಂಡಿದ್ದರಿಂದ ಬರುವುದಿಲ್ಲ. ಹಾಲು ಕಡಿಮೆಯಾಗಿದ್ದರಿಂದಲೂ ಅಲ್ಲ, ಕುಳಿತುಕೊಳ್ಳುವ ಭಂಗಿಯಿಂದಲೂ ಅಲ್ಲ. ಶಾಲೆಯ ಚೀಲದ ಭಾರದಿಂದಲೂ ಸ್ಕೋಲಿಯೋಸಿಸ್ ಬರುವುದಿಲ್ಲ. ಚೀಲದ ಭಾರ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದು ಎಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಭಾರದ ಚೀಲದಿಂದ ಬೆನ್ನುನೋವು, ಹೆಗಲುನೋವು ಬರುವುದರಿಂದ ಅದನ್ನು ಪಾಲಿಸಲೇಬೇಕು. ಆದರೆ ಬಾಗಿದ ಬೆನ್ನಿಗೆ ಚೀಲವನ್ನು ದೂರಿ ಕುಳಿತರೆ ಕಾಲ ಕಳೆದುಹೋಗುತ್ತದೆ. ಇಷ್ಟನ್ನು ಒತ್ತಿ ಹೇಳಲು ಕಾರಣ, ನನ್ನ ಬಳಿ ಬರುವ ತಾಯಂದಿರು ಮಗುವಿನ ಎಕ್ಸ್‌ರೇ ಜೊತೆಗೆ ಮನೆಯವರು ಹೊರಿಸಿದ ಆಪಾದನೆಯನ್ನೂ ಹೊತ್ತು ತಂದಿರುತ್ತಾರೆ. ಆ ಹೊರೆಯನ್ನು ಇಳಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ.

ಒಂದು ಎಚ್ಚರಿಕೆ. ಎಲ್ಲ ಗೂನೂ ಸ್ಕೋಲಿಯೋಸಿಸ್ ಅಲ್ಲ. ನಮ್ಮ ದೇಶದಲ್ಲಿ ಬೆನ್ನುಮೂಳೆಗೆ ಕ್ಷಯ ತಗಲುವುದು ಈಗಲೂ ಇದೆ. ಜ್ವರ, ತೂಕ ಇಳಿಯುವುದು, ರಾತ್ರಿ ನೋವು, ಬೆನ್ನಿನ ನಡುವೆ ಹಿಂದಕ್ಕೆ ಚಾಚಿದ ಮೊನಚಾದ ಉಬ್ಬು, ಇವು ಕಂಡರೆ ತಡಮಾಡಬಾರದು. ಮಕ್ಕಳಲ್ಲಿ ಕ್ಷಯ ವಾಸಿಯಾದ ಮೇಲೂ ಬೆಳವಣಿಗೆಯ ಜೊತೆಗೆ ಗೂನು ಏರುತ್ತಾ ಹೋಗಬಹುದು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಯಾವ ಮಕ್ಕಳಲ್ಲಿ ಗೂನು ಏರುತ್ತದೆ ಎಂಬುದನ್ನು ಎಕ್ಸ್‌ರೇಯಲ್ಲೇ ಮುಂಚಿತವಾಗಿ ಗುರುತಿಸುವ ಲಕ್ಷಣಗಳನ್ನು ಜಗತ್ತಿಗೆ ತಿಳಿಸಿಕೊಟ್ಟರು.

ಈಗ ಗುರುತಿಸುವುದು ಹೇಗೆ ಎಂದು ನೋಡೋಣ. ಇದಕ್ಕೆ ಯಂತ್ರ ಬೇಡ, ಎರಡು ಕಣ್ಣು ಸಾಕು. ಮಗುವನ್ನು ಬೆಳಕಿನಲ್ಲಿ ಅಂಗಿ ಇಲ್ಲದೆ ಬೆನ್ನು ತಿರುಗಿಸಿ ನಿಲ್ಲಿಸಿ. ಎರಡು ಹೆಗಲೂ ಒಂದೇ ಎತ್ತರದಲ್ಲಿವೆಯೇ? ಹೆಗಲ ಹಿಂದಿನ ಚಪ್ಪಟೆ ಮೂಳೆ ಒಂದು ಕಡೆ ಹೆಚ್ಚು ಎದ್ದಿದೆಯೇ? ಕೈ ಇಳಿಬಿಟ್ಟಾಗ ಕೈಗೂ ಸೊಂಟಕ್ಕೂ ನಡುವಿನ ಸಂದು ಎರಡೂ ಕಡೆ ಸಮನಾಗಿದೆಯೇ? ಆಮೇಲೆ ಎರಡೂ ಅಂಗೈ ಜೋಡಿಸಿ, ಮಂಡಿ ಮಡಿಸದೆ ನಿಧಾನವಾಗಿ ಮುಂದಕ್ಕೆ ಬಗ್ಗಲು ಹೇಳಿ, ಹಿಂದಿನಿಂದ ನೋಡಿ. ಬೆನ್ನಿನ ಒಂದು ಪಕ್ಕ ಗುಡ್ಡದಂತೆ ಎದ್ದು ಕಂಡರೆ ವೈದ್ಯರಿಗೆ ತೋರಿಸಿ. ವಿಲಿಯಂ ಆಡಮ್ಸ್ ಎಂಬ ಇಂಗ್ಲೆಂಡಿನ ವೈದ್ಯರು 1865ರಲ್ಲಿ ಹೇಳಿಕೊಟ್ಟ ಪರೀಕ್ಷೆ ಇದು. ಇಂದಿಗೂ ನನ್ನ ಕೊಠಡಿಯಲ್ಲಿ ನಾನು ಮೊದಲು ಮಾಡುವುದು ಇದನ್ನೇ. ಎಳೆ ಕೂಸಾದರೆ ನಿಮ್ಮ ತೊಡೆಯ ಮೇಲೆ ಬೋರಲು ಮಲಗಿಸಿ ಬೆನ್ನ ಮೇಲೆ ಬೆರಳು ಓಡಿಸಿ. ಬೆನ್ನ ನಡುವೆ ಕೂದಲಿನ ಕುಚ್ಚು, ಕುಳಿ ಅಥವಾ ಕಲೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ದರ್ಜಿಗಳ ಹೆಸರು ಹೇಳಿದೆ. ಅದು ತಮಾಷೆಗಲ್ಲ. ಅಳತೆ ಸರಿಯಾಗಿಯೇ ಇದ್ದರೂ ಲಂಗದ ಅಂಚು ಒಂದು ಕಡೆ ಏರುತ್ತದೆ, ಅಂಗಿಯ ಹೆಗಲು ಜಾರುತ್ತದೆ ಎಂದು ಮೊದಲು ಹೇಳುವವರು ಅವರೇ. ಬಜಾರಿನ ದರ್ಜಿಯಣ್ಣಂದಿರಿಗೆ ನನ್ನ ಮನವಿ ಇಷ್ಟೇ. ಅಂಥದ್ದು ಕಂಡರೆ ಹೊಲಿಗೆಯಲ್ಲಿ ಸರಿಮಾಡಿ ಕೊಟ್ಟು ಸುಮ್ಮನಾಗಬೇಡಿ, ಮಗುವಿನ ತಾಯಿಗೆ ಒಂದು ಮಾತು ಹೇಳಿ.

ಪತ್ತೆಯಾದ ಮೇಲೆ ಏನು? ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಡ. ಒಂದು ವರ್ಷದೊಳಗಿನ ಕೂಸುಗಳಲ್ಲಿ ಎಷ್ಟೋ ಬಾಗುಗಳು ತಾವೇ ಸರಿಹೋಗುತ್ತವೆ. ಯಾವುದು ಸರಿಹೋಗುತ್ತದೆ, ಯಾವುದು ಏರುತ್ತದೆ ಎಂದು ತಿಳಿಯುವುದೇ ಕಷ್ಟವಾಗಿತ್ತು. ಈ ಕಷ್ಟ ಬಿಡಿಸಿದವರು ಭಾರತೀಯ ಮೂಲದ ಒಬ್ಬ ಮಹಿಳೆ, ಲಂಡನ್ ಬಳಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಡಾ. ಮಿನ್ ಮೆಹ್ತಾ. ಪಕ್ಕೆಲುಬು ಬೆನ್ನುಮೂಳೆಗೆ ಕೂಡುವ ಜಾಗದಲ್ಲಿ ಎಡಬಲದ ಕೋನಗಳನ್ನು ಅಳೆದು, ಅವುಗಳ ವ್ಯತ್ಯಾಸ 20 ಡಿಗ್ರಿಗಿಂತ ಹೆಚ್ಚಿದ್ದರೆ ಬಾಗು ಏರುವ ಸಂಭವ ಹೆಚ್ಚು ಎಂದು 1972ರಲ್ಲಿ ಅವರು ತೋರಿಸಿದರು. ಅಂಥ ಮಕ್ಕಳಿಗೆ ಎದೆ ಮತ್ತು ಹೊಟ್ಟೆಯ ಸುತ್ತ ಪ್ಲಾಸ್ಟರ್ ಕವಚ ಹಾಕಿ, ಮಗು ಬೆಳೆದಂತೆ ಕೆಲವು ತಿಂಗಳಿಗೊಮ್ಮೆ ಬದಲಿಸುವ ಕ್ರಮವನ್ನು ರೂಪಿಸಿದರು. 2005ರಲ್ಲಿ 136 ಮಕ್ಕಳ ಫಲಿತಾಂಶ ಪ್ರಕಟಿಸಿದರು. ಸರಾಸರಿ ಒಂದು ವರ್ಷ ಏಳು ತಿಂಗಳ ವಯಸ್ಸಿನಲ್ಲಿ, ಬಾಗು 32 ಡಿಗ್ರಿಯ ಆಸುಪಾಸಿನಲ್ಲಿರುವಾಗ ಬಂದ 94 ಮಕ್ಕಳ ಬೆನ್ನು ಮೂರೂವರೆ ವರ್ಷದ ಹೊತ್ತಿಗೆ ಸರಿಹೋಯಿತು. ಸರಾಸರಿ ಎರಡೂವರೆ ವರ್ಷಕ್ಕೆ, 52 ಡಿಗ್ರಿ ಆದ ಮೇಲೆ ಬಂದ 42 ಮಕ್ಕಳಲ್ಲಿ ಬಾಗು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಈ ಎರಡು ಗುಂಪುಗಳ ನಡುವೆ ಇದ್ದ ಅಂತರ ಎಷ್ಟು? ಹನ್ನೊಂದು ತಿಂಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಮೇಷ್ಟ್ರುಗಳು ನಮ್ಮನ್ನು ಬೈಯುವಾಗ ಹೇಳುತ್ತಿದ್ದರು. ಈ ಕಾಯಿಲೆಯಲ್ಲಿ ಆ ಗಾದೆ ಅಕ್ಷರಶಃ ನಿಜ. ಯಾವ ಬೆಳವಣಿಗೆ ಬೆನ್ನನ್ನು ಬಾಗಿಸುತ್ತದೆಯೋ ಅದೇ ಬೆಳವಣಿಗೆಯನ್ನು ಹಿಡಿದು ಬೆನ್ನನ್ನು ತಿದ್ದಬಹುದು. ಆದರೆ ಎಳೆಯದಿರುವಾಗ ಮಾತ್ರ.

ಪ್ಲಾಸ್ಟರಿಗೂ ಬ್ರೇಸಿಗೂ ಮಣಿಯದೆ ಬಾಗು ಏರುತ್ತಲೇ ಹೋಗಿ, ಸಾಮಾನ್ಯವಾಗಿ 50ರಿಂದ 60 ಡಿಗ್ರಿ ದಾಟಿದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಇಲ್ಲಿಂದ ಮುಂದೆ ಸ್ವಲ್ಪ ಇತಿಹಾಸ ಹೇಳಬೇಕು.

ನ್ಯೂಯಾರ್ಕಿನ ರಸೆಲ್ ಹಿಬ್ಸ್ 1911ರಲ್ಲಿ ಕಶೇರುಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಬೆನ್ನಿನ ಕ್ಷಯಕ್ಕೆ ಮಾಡಿ ತೋರಿಸಿದರು. ಆಮೇಲೆ ಅದು ಸ್ಕೋಲಿಯೋಸಿಸ್‌ಗೂ ಬಂತು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಪಾಲ್ ಹ್ಯಾರಿಂಗ್ಟನ್, ಪೋಲಿಯೋದಿಂದ ಬೆನ್ನು ವಾಲಿದ ಮಕ್ಕಳಿಗಾಗಿ ತಾವು ರೂಪಿಸಿದ ಉಕ್ಕಿನ ಸಲಾಕೆಯ ವಿಧಾನವನ್ನು ಪ್ರಕಟಿಸಿದರು. ಬೆಳೆದವರಿಗೆ ಇವೆಲ್ಲ ದೊಡ್ಡ ವರದಾನ. ಆದರೆ ನಾಲ್ಕೈದು ವರ್ಷದ ಮಗುವಿಗೆ? ಬೆಸೆದ ಮೂಳೆ ಬೆಳೆಯುವುದಿಲ್ಲ. ಆಗಿನ ವೈದ್ಯರಿಗೆ ಅದು ಗೊತ್ತಿತ್ತು. ಉದ್ದವಾಗಿ ಸೊಟ್ಟಗಿರುವುದಕ್ಕಿಂತ ಗಿಡ್ಡವಾಗಿ ನೆಟ್ಟಗಿರುವುದು ಮೇಲು ಎಂದು ಅವರು ನಂಬಿದ್ದರು. ಬಹಳ ವರ್ಷ ಅದೇ ನಡೆಯಿತು.

ಆ ಮಕ್ಕಳು ದೊಡ್ಡವರಾದ ಮೇಲೆ ಲೆಕ್ಕ ಬೇರೆಯೇ ಬಂತು. ಡಲ್ಲಾಸ್ ನಗರದ ವೈದ್ಯರು, 9 ವರ್ಷಕ್ಕೆ ಮೊದಲೇ ಬೆನ್ನು ಬೆಸೆಸಿಕೊಂಡಿದ್ದ 28 ಮಂದಿಯ ಉಸಿರಾಟವನ್ನು ಅಳೆದು 2008ರಲ್ಲಿ ಪ್ರಕಟಿಸಿದರು. ಎದೆಯ ಭಾಗದ ಎತ್ತರ 18 ಸೆಂಟಿಮೀಟರಿಗೇ ನಿಂತುಹೋದವರಲ್ಲಿ ಹೆಚ್ಚಿನವರ ಶ್ವಾಸಕೋಶದ ಸಾಮರ್ಥ್ಯ ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. 22 ಸೆಂಟಿಮೀಟರ್ ತಲುಪಿದವರು ಎಷ್ಟೋ ಚೆನ್ನಾಗಿದ್ದರು. ಈ ನಾಲ್ಕು ಸೆಂಟಿಮೀಟರ್ ನೆನಪಿಡಿ. ಬೆರಳಿನ ಎರಡು ಗೆಣ್ಣಿನಷ್ಟು ಅಂತರ. ಇವತ್ತು ನಮ್ಮ ಶಸ್ತ್ರಚಿಕಿತ್ಸೆಯ ಗುರಿ ಇದೇ. ಮೊದಲು ಬೆನ್ನು ಬೆಳೆಯಲಿ, ಎದೆ ಹಿಗ್ಗಲಿ. ನೆಟ್ಟಗಾಗುವುದು ಆಮೇಲೆ, ಎಷ್ಟಾಗುತ್ತದೋ ಅಷ್ಟು.

ಅದನ್ನು ಮಾಡುವುದು ಹೇಗೆ? ನಿಮ್ಮ ತೋಟದ ಉದಾಹರಣೆಯನ್ನೇ ಕೊಡುತ್ತೇನೆ. ಎಳೆಯ ಸಿಲ್ವರ್ ಓಕ್ ಗಿಡ ಮುಂಗಾರಿನ ಗಾಳಿಗೆ ವಾಲಿದರೆ ಗೂಟ ನೆಟ್ಟು ಹಗ್ಗ ಕಟ್ಟುತ್ತೀರಿ. ಕಟ್ಟಿದ್ದನ್ನು ಮರೆತರೆ ಕಾಂಡ ದಪ್ಪವಾದಂತೆ ಹಗ್ಗ ಅದರೊಳಗೆ ಹೂತು ಗಿಡವನ್ನೇ ಕೆಡಿಸುತ್ತದೆ. ಅದಕ್ಕೇ ಆಗಾಗ ಹಗ್ಗ ಬಿಚ್ಚಿ ಮತ್ತೆ ಕಟ್ಟಬೇಕು. ಆರ್ಥೋಪೆಡಿಕ್ಸ್ ಎಂಬ ಹೆಸರನ್ನು 1741ರಲ್ಲಿ ಕೊಟ್ಟವರು ನಿಕೊಲಾ ಆಂದ್ರಿ ಎಂಬ ಫ್ರಾನ್ಸಿನ ವೈದ್ಯರು. ಗ್ರೀಕ್ ಭಾಷೆಯಲ್ಲಿ ಒಂದು ಪದಕ್ಕೆ ನೇರ ಎಂದು ಅರ್ಥ, ಇನ್ನೊಂದಕ್ಕೆ ಮಗು ಎಂದು. ಅವರ ಪುಸ್ತಕದಲ್ಲಿ ಗೂಟಕ್ಕೆ ಹಗ್ಗದಿಂದ ಕಟ್ಟಿದ ಸೊಟ್ಟ ಮರದ ಚಿತ್ರ ಇದೆ. ಜಗತ್ತಿನ ಮೂಳೆ ವೈದ್ಯರಿಗೆಲ್ಲ ಈಗ ಅದೇ ಲಾಂಛನ.

ಬೆಳೆಯುವ ರಾಡ್ ಎಂದು ನಾವು ಕರೆಯುವುದು ಇದನ್ನೇ. ಬಾಗಿನ ಮೇಲ್ತುದಿಯ ಒಂದೆರಡು ಕಶೇರು, ಕೆಳತುದಿಯ ಒಂದೆರಡು ಕಶೇರು, ಇಷ್ಟಕ್ಕೆ ಮಾತ್ರ ಸ್ಕ್ರೂ ಅಥವಾ ಕೊಕ್ಕೆ ಹಾಕುತ್ತೇವೆ. ನಡುವಿನ ಮೂಳೆಗಳನ್ನು ಮುಟ್ಟುವುದಿಲ್ಲ, ಅವು ಬೆಳೆಯಬೇಕು. ಎರಡೂ ತುದಿಗಳ ನಡುವೆ ಚರ್ಮ ಮತ್ತು ಸ್ನಾಯುವಿನ ಕೆಳಗೆ ಎರಡು ಲೋಹದ ರಾಡ್ ಕೂರಿಸುತ್ತೇವೆ. ರಾಡಿನ ಮಧ್ಯೆ ಒಂದು ಜೋಡಣೆ ಇರುತ್ತದೆ. ಸುಮಾರು ಆರು ತಿಂಗಳಿಗೊಮ್ಮೆ ಅರಿವಳಿಕೆ ಕೊಟ್ಟು, ಆ ಜೋಡಣೆ ಇರುವಲ್ಲಿ ಮಾತ್ರ ಸಣ್ಣಗೆ ತೆರೆದು, ಮಗು ಬೆಳೆದಷ್ಟು ರಾಡನ್ನು ಉದ್ದ ಮಾಡುತ್ತೇವೆ. 5ರಿಂದ 10 ವರ್ಷದ ನಡುವೆ ಮಗುವಿನ ಬೆನ್ನು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆ ಒಂದೊಂದು ಸೆಂಟಿಮೀಟರನ್ನೂ ನಾವು ಕಾಯುತ್ತೇವೆ.

ಆರು ತಿಂಗಳಿಗೊಮ್ಮೆ ಆಪರೇಷನ್ ಎಂದರೆ ಮಗುವಿಗೂ ಮನೆಯವರಿಗೂ ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಿಲ್ಲ. ಅದಕ್ಕೆ ಪರಿಹಾರವಾಗಿ ಆಯಸ್ಕಾಂತದ ರಾಡ್ ಬಂತು. ಹಾಂಗ್‌ಕಾಂಗಿನ ವೈದ್ಯರು 2012ರಲ್ಲಿ ಅದರ ಮೊದಲ ಫಲಿತಾಂಶ ಪ್ರಕಟಿಸಿದರು. ರಾಡಿನೊಳಗೆ ಪುಟ್ಟ ಆಯಸ್ಕಾಂತ ಇರುತ್ತದೆ. ಹೊರಗಿನಿಂದ ಬೆನ್ನ ಮೇಲೆ ಒಂದು ಯಂತ್ರ ಹಿಡಿದರೆ ಅದು ತಿರುಗಿ ರಾಡ್ ಉದ್ದವಾಗುತ್ತದೆ. ಕೊಯ್ಯುವುದು ಬೇಡ, ಅರಿವಳಿಕೆ ಬೇಡ. ಆದರೆ ಅದರ ಬೆಲೆ ಬಹಳ. ಕೆಲವರಲ್ಲಿ ಒಳಗೆ ಸವೆದು ಲೋಹದ ಪುಡಿ ಸೇರುವುದೂ ಕಂಡುಬಂದಿದೆ. ಪಕ್ಕೆಲುಬುಗಳೇ ಕೂಡಿಕೊಂಡು ಎದೆ ಇಕ್ಕಟ್ಟಾದ ಮಕ್ಕಳಿಗೆ ಅಮೆರಿಕದ ಡಾ. ರಾಬರ್ಟ್ ಕ್ಯಾಂಪ್‌ಬೆಲ್, ಪಕ್ಕೆಲುಬಿಗೇ ಜೋಡಿಸಿ ಎದೆಗೂಡು ಹಿಗ್ಗಿಸುವ ಸಾಧನ ರೂಪಿಸಿದರು. ಹುಟ್ಟುವಾಗಲೇ ಒಂದು ಕಶೇರು ಅರ್ಧ ಮಾತ್ರ ಇದ್ದು ಅದರಿಂದಲೇ ಬಾಗು ಬಂದಿದ್ದರೆ, ಆ ಅರ್ಧ ಮೂಳೆಯನ್ನು ತೆಗೆದು ಮೇಲಿನ ಮತ್ತು ಕೆಳಗಿನ ಮೂಳೆ ಸೇರಿಸಿದರೆ ಎಷ್ಟೋ ಮಕ್ಕಳಿಗೆ ಒಂದೇ ಆಪರೇಷನ್ನಿನಲ್ಲಿ ಕೆಲಸ ಮುಗಿಯುತ್ತದೆ. ಯಾವ ಮಗುವಿಗೆ ಯಾವುದು ಎಂಬುದನ್ನು ಕಾಯಿಲೆಯ ಬಗೆ, ವಯಸ್ಸು ಮತ್ತು ಮನೆಯವರ ಸ್ಥಿತಿ ನೋಡಿ ನಿರ್ಧರಿಸಬೇಕು.

ಒಳ್ಳೆಯದನ್ನಷ್ಟೇ ಹೇಳಿ ಹೋಗುವುದು ಸರಿಯಲ್ಲ. ರಾಡ್ ಮುರಿಯಬಹುದು. ಸ್ಕ್ರೂ ಸಡಿಲವಾಗಬಹುದು. ಗಾಯಕ್ಕೆ ಸೋಂಕು ತಗಲಬಹುದು. ಸಲಸಲಕ್ಕೂ ಸಿಗುವ ಉದ್ದ ಕಡಿಮೆಯಾಗುತ್ತಾ ಬರುತ್ತದೆ, ಏಕೆಂದರೆ ರಾಡ್ ಹಿಡಿದಿಟ್ಟ ಬೆನ್ನು ತಾನಾಗಿಯೇ ಬೆಸೆದುಕೊಳ್ಳತೊಡಗುತ್ತದೆ. ಬೆಳೆಯುವ ರಾಡ್ ಹಾಕಿದ ಮಕ್ಕಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಹೆಚ್ಚುವರಿ ಆಪರೇಷನ್ನಿಗೂ ತೊಡಕಿನ ಸಂಭವ ಶೇಕಡಾ 24 ಏರುತ್ತದೆ, ಮೊದಲ ಆಪರೇಷನ್ನನ್ನು ಒಂದೊಂದು ವರ್ಷ ಮುಂದೂಡಿದಷ್ಟೂ ಶೇಕಡಾ 13 ಇಳಿಯುತ್ತದೆ ಎಂದು ಕಂಡುಬಂತು. ಹಾಗಾಗಿ ಪತ್ತೆ ಬೇಗ ಆಗಬೇಕು, ಚಾಕು ಆದಷ್ಟು ತಡವಾಗಿ ಬರಬೇಕು. ಇವೆರಡರ ನಡುವಿನ ಕಾಲವನ್ನು ಪ್ಲಾಸ್ಟರ್ ಮತ್ತು ಬ್ರೇಸ್ ತುಂಬಬೇಕು. ಬೇಗ ಪತ್ತೆ ಎಂದರೆ ಬೇಗ ಆಪರೇಷನ್ ಎಂದು ಹೆದರಿ ಮಗುವನ್ನು ತೋರಿಸದೆ ಇರುವವರಿಗೆ ನಾನು ಹೇಳುವುದು ಇದನ್ನೇ. ಬೇಗ ಬಂದರೆ ಆಪರೇಷನ್ ಮುಂದೆ ಹೋಗಬಹುದು, ತಪ್ಪಿಹೋಗಲೂಬಹುದು.

ಒಂದು ಮಗುವಿನ ವಿಷಯ ಹೇಳುತ್ತೇನೆ. ಹೆಸರು, ಊರು ಹೇಳುವುದಿಲ್ಲ. ಮಲೆನಾಡಿನ ಒಂದು ಕಾಫಿ ತೋಟದ ಲೈನ್ ಮನೆಯ ಹುಡುಗಿ. ಮೂರೂವರೆ ವರ್ಷಕ್ಕೆ ತಾಯಿ ಬೆನ್ನಿನ ಉಬ್ಬು ನೋಡಿದ್ದರು. ದೊಡ್ಡವಳಾದ ಮೇಲೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ಅಂಗನವಾಡಿಯ ಅಕ್ಕ ಬಿಡಲಿಲ್ಲ, ಆರು ತಿಂಗಳು ಹೇಳಿ ಹೇಳಿ ಕಳಿಸಿದರು. ನನ್ನ ಬಳಿ ಬಂದಾಗ ನಾಲ್ಕು ವರ್ಷ, ಬಾಗು 58 ಡಿಗ್ರಿ. ಎರಡು ವರ್ಷ ಪ್ಲಾಸ್ಟರ್ ಕವಚದಲ್ಲಿ ಕಳೆದೆವು. ಮಳೆಗಾಲದಲ್ಲಿ ಪ್ಲಾಸ್ಟರ್ ಒದ್ದೆಯಾಗದಂತೆ ನೋಡಿಕೊಳ್ಳುವುದು ಲೈನ್ ಮನೆಯಲ್ಲಿ ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಆರು ವರ್ಷಕ್ಕೆ ರಾಡ್ ಹಾಕಿದೆವು. ಆಮೇಲೆ ಆರು ತಿಂಗಳಿಗೊಮ್ಮೆ ಬರುತ್ತಿದ್ದರು. ಒಮ್ಮೆ ಒಂದು ರಾಡ್ ಮುರಿಯಿತು, ಬದಲಿಸಿದೆವು. ಹನ್ನೆರಡು ವರ್ಷ ತುಂಬಿದ ಮೇಲೆ ಕೊನೆಯ ಆಪರೇಷನ್ನಿನಲ್ಲಿ ಬೆನ್ನು ಬೆಸೆದೆವು.

ಅವಳ ಬೆನ್ನು ಇವತ್ತಿಗೂ ಪೂರ್ತಿ ನೆಟ್ಟಗಿಲ್ಲ. ಹೆಗಲು ಸ್ವಲ್ಪ ಓರೆ. ಆದರೆ ಎದೆಯ ಎತ್ತರ 22 ಸೆಂಟಿಮೀಟರ್ ದಾಟಿದೆ. ರಸ್ತೆಯಿಂದ ಮನೆಗೆ ಏರು ಹತ್ತುವಾಗ ನಿಲ್ಲುವುದಿಲ್ಲ. ಈಗ ಪಿಯುಸಿ ಓದುತ್ತಿದ್ದಾಳೆ.

ಇದರಲ್ಲಿ ನನ್ನ ಪಾಲು ಎಷ್ಟು? ವರ್ಷದಲ್ಲಿ ಎರಡು ದಿನ. ಉಳಿದ ದಿನಗಳ ಕೆಲಸ ಬೇರೆಯವರದು. ಪ್ರತಿ ಸಲ ಬೆಂಗಳೂರಿಗೆ ಬಂದು ಹೋಗಲು ಆ ಅಪ್ಪ ಅಮ್ಮ ಎಂಟು ಹತ್ತು ದಿನದ ಕೂಲಿ ಕಳೆದುಕೊಳ್ಳುತ್ತಿದ್ದರು. ಒಂದು ಸಲ ಕೊಯ್ಲಿನ ಸಮಯಕ್ಕೇ ತಾರೀಖು ಬಂದಾಗ ತಂದೆ, ‘ಡಾಕ್ಟ್ರೇ, ಈ ಸಲ ಬಿಟ್ಟು ಮುಂದಿನ ಸಲ ಬರುತ್ತೇವೆ’ ಎಂದರು. ಬಿಟ್ಟಿದ್ದರೆ ಮುಂದಿನ ಸಲ ಬರುತ್ತಿದ್ದರೋ ಇಲ್ಲವೋ. ಅವರ ಮಗಳ ಶಾಲೆಯ ಮೇಡಂ ಒಬ್ಬರು ತೋಟದ ರೈಟರ ಹತ್ತಿರ ಮಾತಾಡಿ ರಜೆ ಕೊಡಿಸಿದರು. ಅದೇ ಮೇಡಂ ಪ್ರತಿ ಸಲ ತಪ್ಪಿಹೋದ ಪಾಠದ ನೋಟ್ಸನ್ನು ಸಹಪಾಠಿಗಳಿಂದ ಬರೆಸಿ ಇಟ್ಟಿರುತ್ತಿದ್ದರು. ಈ ಚಿಕಿತ್ಸೆ ನಡುವೆ ನಿಂತುಹೋಗುವುದು ಹೆಚ್ಚಾಗಿ ಆಪರೇಷನ್ ಟೇಬಲ್ಲಿನ ಮೇಲೆ ಅಲ್ಲ, ಬಸ್ ನಿಲ್ದಾಣದಲ್ಲಿ. ಮೂರನೇ ಸಲ, ನಾಲ್ಕನೇ ಸಲ ಬರಲಾಗದೆ ಉಳಿದುಬಿಡುತ್ತಾರೆ. ರಾಡ್ ಹಾಕಿ ಮತ್ತೆ ಬಾರದೆ ಹೋದ ಮಗು, ಬಿಚ್ಚದೆ ಬಿಟ್ಟ ಹಗ್ಗದ ಗಿಡದಂತೆ.

ಹಣದ ಪ್ರಶ್ನೆ ಬರುತ್ತದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಬೇಕು. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ, ಬೆನ್ನು ನೋಡಿ ಎಂದು ಬಾಯಿಬಿಟ್ಟು ಕೇಳಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಇದೆ. ನಿಮ್ಮ ಮಗುವಿನ ಚಿಕಿತ್ಸೆ ಅದರಲ್ಲಿ ಹೇಗೆ ಬರುತ್ತದೆ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇಟ್ಟುಕೊಳ್ಳಿ. ಮೊದಲ ಹೆಜ್ಜೆ ದೂರ ಹೋಗಬೇಕಿಲ್ಲ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಮೂಳೆ ವಿಭಾಗಕ್ಕೆ ತೋರಿಸಿ ಎಕ್ಸ್‌ರೇ ತೆಗೆಸಿ. ಮುಂದೆ ಬೇಕಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಗಳಿವೆ. ಎಣ್ಣೆ ತಿಕ್ಕಿಸಿ, ಬೆನ್ನು ತುಳಿಸಿ ಮೂಳೆ ಕೂರಿಸುತ್ತೇವೆ ಎನ್ನುವವರ ಬಳಿ ಎಳೆ ಮಗುವನ್ನು ಒಯ್ಯಬೇಡಿ. ಅದರಿಂದ ಬಾಗು ಇಳಿಯುವುದಿಲ್ಲ, ಬೆನ್ನುಹುರಿಗೆ ಪೆಟ್ಟಾದರೆ ಕಾಲಿನ ಶಕ್ತಿಯೇ ಹೋಗಬಹುದು.

ಮನೆಯವರು ನನ್ನನ್ನು ಹೊರಗೆ ಕರೆದು ಕೇಳುವ ಪ್ರಶ್ನೆಗಳೂ ಇವೆ. ಆಪರೇಷನ್ನಿನಲ್ಲಿ ಕಾಲು ಬಿದ್ದುಹೋಗುತ್ತದೆಯೇ? ಅಪಾಯ ಇದ್ದೇ ಇದೆ, ಆದರೆ ಕಡಿಮೆ. ಈಗ ಆಪರೇಷನ್ ನಡೆಯುತ್ತಿರುವಾಗಲೇ ನರಗಳ ಸಂಕೇತವನ್ನು ಯಂತ್ರದಲ್ಲಿ ನೋಡುತ್ತಾ ಇರುತ್ತೇವೆ, ವ್ಯತ್ಯಾಸ ಕಂಡರೆ ತಕ್ಷಣ ಸಡಿಲಿಸುತ್ತೇವೆ. ಹೆಣ್ಣುಮಗು, ಮುಂದೆ ಮದುವೆ ಹೇಗೆ, ಮಕ್ಕಳಾಗುತ್ತವೆಯೇ? ಉಸಿರಾಟ ಮತ್ತು ಹೃದಯ ಚೆನ್ನಾಗಿದ್ದರೆ ಬೆನ್ನಿಗೆ ರಾಡ್ ಹಾಕಿದ ಹೆಣ್ಣುಮಕ್ಕಳು ತಾಯಿಯಾಗಬಹುದು, ಆಗಿದ್ದಾರೆ. ಈ ಪ್ರಶ್ನೆಗೆ ಹೆದರಿ ಮಗುವಿನ ಬೆನ್ನನ್ನು ದುಪ್ಪಟ್ಟಾದಲ್ಲಿ ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟ ವರ್ಷಗಳೇ ಶ್ವಾಸಕೋಶ ಬೆಳೆಯಬೇಕಾದ ವರ್ಷಗಳು.

ಈ ಶಾಲೆಗೆ ಐವತ್ತು ತುಂಬಿದೆ. ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ನನ್ನದು ಮೂರು ಬೇಡಿಕೆ. ಒಂದು, ಪ್ರತಿ ವರ್ಷ ಜೂನ್ ತಿಂಗಳಲ್ಲಿ ಪಿ.ಟಿ. ಮೇಷ್ಟ್ರು ಮತ್ತು ಒಬ್ಬ ಶಿಕ್ಷಕಿ ಸೇರಿ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆಯಾಗಿ, ಮರೆಯಲ್ಲಿ, ಈ ಬಗ್ಗುವ ಪರೀಕ್ಷೆ ಮಾಡಿಸಲಿ. ಒಬ್ಬರಿಗೆ ಒಂದು ನಿಮಿಷ ಸಾಕು. ಸುತ್ತಲಿನ ಪ್ರಾಥಮಿಕ ಶಾಲೆ ಮತ್ತು ಅಂಗನವಾಡಿಯವರಿಗೂ ಕಲಿಸಿಕೊಡೋಣ, ಏಕೆಂದರೆ ನಾನು ಹೇಳಿದ ಮಕ್ಕಳು ಹೈಸ್ಕೂಲಿಗೆ ಬರುವಷ್ಟರಲ್ಲಿ ಬಹಳ ತಡವಾಗಿರುತ್ತದೆ. ಕಲಿಸಲು ನಾನು ಬರುತ್ತೇನೆ. ಎರಡು, ದೂರದ ಆಸ್ಪತ್ರೆಗೆ ಮತ್ತೆ ಮತ್ತೆ ಹೋಗಬೇಕಾದ ಮಕ್ಕಳ ಬಸ್ ಖರ್ಚಿಗೆ ಮತ್ತು ತಂದೆ ತಾಯಿಯ ಕೂಲಿ ನಷ್ಟಕ್ಕೆ ಸಂಘದಲ್ಲಿ ಒಂದು ಸಣ್ಣ ನಿಧಿ ಇರಲಿ. ಮೊದಲ ಪಾಲು ನನ್ನದು. ಮೂರು, ವಿದ್ಯಾರ್ಥಿಗಳಿಗೆ. ನಿಮ್ಮ ತರಗತಿಯಲ್ಲಿ ಬ್ರೇಸ್ ಹಾಕಿಕೊಂಡು ಬರುವ, ಬೆನ್ನು ಓರೆಯಾದ ಗೆಳೆಯನೋ ಗೆಳತಿಯೋ ಇದ್ದರೆ ಅಡ್ಡಹೆಸರು ಇಡಬೇಡಿ. ಬ್ರೇಸನ್ನು ದಿನದ ಹೆಚ್ಚು ಹೊತ್ತು ಹಾಕಿಕೊಂಡರೆ ಮಾತ್ರ ಅದು ಕೆಲಸ ಮಾಡುತ್ತದೆ. ನೀವು ನಕ್ಕರೆ ಮಗು ಅದನ್ನು ಬಿಚ್ಚಿ ಚೀಲದಲ್ಲಿಟ್ಟುಕೊಳ್ಳುತ್ತದೆ.

 ಇಂದು ಸಂಜೆ ಐದರವರೆಗೆ ನಾನು ಎಂಟನೇ ತರಗತಿಯ ಕೊಠಡಿಯಲ್ಲಿ ಕುಳಿತಿರುತ್ತೇನೆ. ಮಗುವಿನ ಬೆನ್ನಿನ ಬಗ್ಗೆ ಅನುಮಾನ ಇರುವವರು ಸಂಕೋಚ ಇಲ್ಲದೆ ಕರೆದುಕೊಂಡು ಬನ್ನಿ.